ನೀರುಗಂಟಿಯಿಂದ ಮ್ಯಾನ್‌ಹೋಲ್ ತನಕ: ರಾಜಕಾಲುವೆಗೂ ಒಂದು ಜಾತಿ ಇದೆ

ಬೆಂಗಳೂರಿನಲ್ಲಿ ಒಂದು ಗಂಟೆ ಜೋರು ಮಳೆ ಹೊಡೆದರೆ ಸಾಕು, ಟಿವಿಯಲ್ಲಿ ‘ರಾಜಕಾಲುವೆ’ ಅನ್ನೋ ಪದ ಶುರುವಾಗುತ್ತೆ. ಒತ್ತುವರಿ, ಸರ್ವೆ, ಜೆಸಿಬಿ, ಬಫರ್ ಝೋನ್. ಹದಿನೈದು ದಿನ ಗದ್ದಲ. ಬಿಸಿಲು ಬಂದ ಮೇಲೆ ಎಲ್ಲರೂ ಮರೀತಾರೆ. ಈ ಗದ್ದಲದಲ್ಲಿ ಯಾರೂ ಕೇಳದ ಎರಡು ಪ್ರಶ್ನೆ ಇವೆ. ಈ ಕೆರೆ ಕಾಲುವೆಗಳನ್ನು ತಲೆತಲಾಂತರದಿಂದ ಕಾದವರು ಯಾರು? ಇವತ್ತು ಅದರೊಳಗೆ ಇಳಿಯೋರು ಯಾರು? ಎರಡಕ್ಕೂ ಉತ್ತರ ಒಂದೇ ಕೇರಿಯಲ್ಲಿ ಸಿಗುತ್ತೆ. ಆ ಚರಿತ್ರೆ ಬರೀತಿದ್ದೀನಿ. ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ.

ಮೊದಲು ಒಂದು ಮಾತು ಸ್ಪಷ್ಟವಾಗಲಿ. ರಾಜಕಾಲುವೆ ಅಂದ್ರೆ ಮೋರಿ ಅಲ್ಲ. ಬೆಂಗಳೂರು ದಿಬ್ಬದ ಮೇಲೆ ಕೂತಿರೋ ಊರು, ವರ್ಷಪೂರ್ತಿ ತುಂಬಿ ಹರಿಯುವ ದೊಡ್ಡ ನದಿ ಇಲ್ಲಿಲ್ಲ. ಬಿದ್ದ ಮಳೆ ಮೂರು ಕಣಿವೆಗಳ ಕಡೆ ಇಳಿಯುತ್ತೆ: ಹೆಬ್ಬಾಳ, ಕೋರಮಂಗಲ-ಚಲ್ಲಘಟ್ಟ, ವೃಷಭಾವತಿ. ಹಾಗೆ ಇಳಿಯುವ ನೀರನ್ನು ಹಂತ ಹಂತವಾಗಿ ಹಿಡಿದಿಡೋಕೆ ಕೆರೆ ಕಟ್ಟಿದರು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಕಾಲುವೆಯಲ್ಲಿ ಹರಿದು ಕೆಳಗಿನ ಕೆರೆಗೆ ಸೇರಬೇಕು. ಕೆರೆಯಿಂದ ಕೆರೆಗೆ ಮಳೆನೀರು ನಡೆಯುವ ಆ ದಾರಿಯೇ ರಾಜಕಾಲುವೆ. ಮಣ್ಣು ಅಗೆದು, ಕಲ್ಲು ಹೊತ್ತು ಏರಿ ಕಟ್ಟಿದವರಲ್ಲಿ ಒಡ್ಡರು ಮುಖ್ಯರು. ಶಾಸನಗಳಲ್ಲಿ ಕಟ್ಟಿಸಿದ ದೊರೆ, ಪಾಳೇಗಾರ, ಶೆಟ್ಟಿಯ ಹೆಸರಿರುತ್ತೆ. ಹೊತ್ತವರ ಹೆಸರು ಇರಲ್ಲ.

ಕಟ್ಟಿದ ಮೇಲೆ ನೋಡ್ಕೊಳ್ಳೋರು ಬೇಕಲ್ಲ? ಆ ಕೆಲಸ ನೀರುಗಂಟಿಯದು. ಕೋಲಾರ, ಬೆಂಗಳೂರು ಗ್ರಾಮಾಂತರ, ತುಮಕೂರು ಕಡೆ ನೀರುಗಂಟಿ ಅಂದರೆ ಹೆಚ್ಚಾಗಿ ನಮ್ಮವರೇ. ಯಾವತ್ತು ತೂಬು ಎತ್ತಬೇಕು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು, ಕೆರೆ ಅರ್ಧ ತುಂಬಿದ ವರ್ಷ ಯಾರಿಗೆ ಮೊದಲು ಯಾರಿಗೆ ಆಮೇಲೆ, ಇದೆಲ್ಲ ಅವರ ತಲೆಯಲ್ಲಿರುತ್ತಿತ್ತು. ರಾತ್ರಿ ಮಳೆ ಹಿಡಿದರೆ ಊರು ಕಂಬಳಿ ಹೊದ್ದು ಮಲಗೋದು, ನೀರುಗಂಟಿ ಏರಿ ಮೇಲೆ ನಡೆಯೋನು. ಎಲ್ಲಿ ಜಿನುಗುತ್ತಿದೆ, ಕೋಡಿಗೆ ಕಸ ಅಡ್ಡ ಬಂದಿದೆಯಾ, ಕಾಲುವೆಯಲ್ಲಿ ಮರ ಬಿದ್ದಿದೆಯಾ ಅಂತ ನೋಡೋನು. ಬೇಸಿಗೆಯಲ್ಲಿ ಕಾಲುವೆ ಹೂಳು ತೆಗೆಯೋಕೆ ಊರನ್ನು ಕೂಗಿ ಕರೆಯೋದೂ ಅವನದೇ ಕೆಲಸ.

ಇದನ್ನೇ ಇವತ್ತಿನ ಭಾಷೆಯಲ್ಲಿ ‘ಮಳೆನೀರು ನಿರ್ವಹಣೆಯ ಸ್ಥಳೀಯ ನಿಯಮಾವಳಿ’ ಅಂತಾರೆ. ಬರೆದಿಟ್ಟ ನಿಯಮ ಅಲ್ಲ, ಕಾಲಲ್ಲಿ ನಡೆದು ಕಲಿತ ನಿಯಮ. ಮೈಸೂರು ಸಂಸ್ಥಾನ 1911ರಲ್ಲಿ ಕೆರೆ ಪಂಚಾಯಿತಿಗಳಿಗೆಂದು ಕಾನೂನು ಮಾಡುವ ಎಷ್ಟೋ ಮೊದಲೇ ಈ ವ್ಯವಸ್ಥೆ ಇತ್ತು.

ಆದರೆ ಇಲ್ಲೇ ನಾವು ಹುಷಾರಾಗಿರಬೇಕು. ಪರಿಸರವಾದಿ ಗೆಳೆಯರು ನೀರುಗಂಟಿ ಬಗ್ಗೆ ಬರೆಯುವಾಗ ‘ಎಂಥಾ ಅದ್ಭುತ ಪಾರಂಪರಿಕ ಜ್ಞಾನ’ ಅಂತ ಕರಗಿ ನೀರಾಗ್ತಾರೆ. ಜ್ಞಾನ ಹೌದು. ಅದಕ್ಕೆ ಕೊಟ್ಟ ಬೆಲೆ ಎಷ್ಟು? ಸುಗ್ಗಿಯಲ್ಲಿ ಕಣದ ಹತ್ತಿರ ಕಾದು ನಿಂತು ತಗೊಳ್ಳೋ ಆಯ, ಇದ್ದರೆ ಒಂದು ತುಂಡು ಇನಾಮ್ತಿ ಜಮೀನು. ಇಡೀ ಊರಿನ ಗದ್ದೆಗೆ ನೀರು ಹಂಚುವ ಮನುಷ್ಯ ಊರಿನ ಬಾವಿಯಿಂದ ಒಂದು ಕೊಡ ನೀರು ಸೇದೋ ಹಾಗಿರಲಿಲ್ಲ. ಅವನು ಎತ್ತಿದ ತೂಬಿನ ನೀರಲ್ಲಿ ಬೆಳೆದ ಭತ್ತಕ್ಕೆ ಮೈಲಿಗೆ ಇಲ್ಲ. ಅವನ ಮನೆ ಹೆಂಗಸು ಕೆರೆಗೆ ಬಿಂದಿಗೆ ಅದ್ದಿದರೆ ಮಾತ್ರ ಮೈಲಿಗೆ.

ಅಂದರೆ ನಮ್ಮ ನೆಲದ ಹಳೆಯ ‘ಜಲಮಾಲಿನ್ಯ ತಡೆ ನಿಯಮ’ ಯಾವುದು? ಅಸ್ಪೃಶ್ಯತೆ! ದನ ಇಳಿಯಬಹುದು, ಎಮ್ಮೆ ಬೀಳಬಹುದು, ಬಟ್ಟೆ ಒಗೆಯಬಹುದು, ಮನುಷ್ಯ ಮುಟ್ಟಬಾರದು. ಮಾಲಿನ್ಯ ಅನ್ನೋದನ್ನು ನೀರಲ್ಲಿ ಹುಡುಕದೆ ಮನುಷ್ಯನ ಹುಟ್ಟಿನಲ್ಲಿ ಹುಡುಕಿದ ನಿಯಮ ಅದು.

ಇದನ್ನು ದೇಶದ ಮುಂದೆ ಬಯಲಿಗೆಳೆದದ್ದು ಮಹಾಡ್. 1923ರಲ್ಲಿ ಬಾಂಬೆ ವಿಧಾನ ಪರಿಷತ್ತಿನಲ್ಲಿ ಎಸ್.ಕೆ. ಬೋಳೆಯವರು ತಂದ ಠರಾವು ಪಾಸಾಯಿತು: ಸರ್ಕಾರದ ಹಣದಲ್ಲಿ ನಡೆಯುವ ಕೆರೆ ಬಾವಿಗಳು ಎಲ್ಲರಿಗೂ ಮುಕ್ತ. 1924ರಲ್ಲಿ ಮಹಾಡ್ ಪುರಸಭೆ ತನ್ನ ಚವದಾರ್ ಕೆರೆಯನ್ನು ಮುಕ್ತ ಅಂತ ಘೋಷಿಸಿತು. ನಿಯಮ ಬಂತು, ನೀರು ಬರಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ನಡೆದು ಹೋಗಿ ಆ ನೀರು ಮುಟ್ಟಿದರು. ನಮ್ಮವರ ಮೇಲೆ ಹಲ್ಲೆ ಆಯಿತು. ಆಮೇಲೆ ಸವರ್ಣರು ಆ ಕೆರೆಯನ್ನು ‘ಶುದ್ಧ’ ಮಾಡಿದ್ದು ಯಾವುದರಿಂದ ಗೊತ್ತಾ? ಸಗಣಿ, ಗಂಜಲ, ಹಾಲು, ಮೊಸರು ಸುರಿದು. ಕುಡಿಯೋ ನೀರಿನ ಕೆರೆಗೆ! ಅದೇ ವರ್ಷ ಆಗಸ್ಟ್‌ನಲ್ಲಿ ಪುರಸಭೆ ತನ್ನ ನಿರ್ಣಯವನ್ನು ವಾಪಸ್ ತಗೊಂಡಿತು. ಬಾಂಬೆ ಹೈಕೋರ್ಟಿನಲ್ಲಿ ನಮ್ಮ ಹಕ್ಕು ಗೆದ್ದದ್ದು 1937ರ ಮಾರ್ಚ್‌ನಲ್ಲಿ. ಹತ್ತು ವರ್ಷ ಬೇಕಾಯಿತು. ನೀರಿನ ವಿಷಯದಲ್ಲಿ ನಿಯಮ ಬರೆಯೋದು ಬೇರೆ, ಅದು ಯಾರ ಪರ ಜಾರಿಯಾಗುತ್ತೆ ಅನ್ನೋದು ಬೇರೆ. ಈ ಪಾಠ ಇಟ್ಕೊಂಡು ಮತ್ತೆ ಬೆಂಗಳೂರಿಗೆ ಬರೋಣ.

1890ರ ದಶಕದಲ್ಲಿ ಹೆಸರಘಟ್ಟದಿಂದ ಬೆಂಗಳೂರಿಗೆ ಕೊಳಾಯಿ ನೀರು ಬಂತು. 1898ರಲ್ಲಿ ಪ್ಲೇಗ್ ಬಂತು. ಗಾಳಿ ಬೆಳಕು ಇರುವ ಹೊಸ ಬಡಾವಣೆಗಳಾಗಿ ಬಸವನಗುಡಿ, ಮಲ್ಲೇಶ್ವರ ಬೆಳೆದವು. ನೀರು ದೂರದಿಂದ ಪೈಪಿನಲ್ಲಿ ಬರೋಕೆ ಶುರುವಾದ ಮೇಲೆ ಊರೊಳಗಿನ ಕೆರೆ ‘ಖಾಲಿ ಜಾಗ’ವಾಗಿ ಕಾಣಿಸತೊಡಗಿತು. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಅಕ್ಕಿತಿಮ್ಮನಹಳ್ಳಿ ಕೆರೆ ಹಾಕಿ ಮೈದಾನವಾಯಿತು. ಕೆರೆ ಹೋದರೂ ಮಳೆ ನಿಲ್ಲಲ್ಲ, ಕಾಲುವೆಗೆ ಮಾತ್ರ ಹೋಗೋ ಜಾಗ ಇಲ್ಲದಂತಾಯಿತು.

ಹಳ್ಳಿಗಳ ಕಡೆ ಇನ್ನೊಂದು ಬದಲಾವಣೆ. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ವಂಶಪಾರಂಪರ್ಯದ ಹುದ್ದೆಗಳನ್ನು ತೆಗೆದುಹಾಕಿತು. ಶಾನುಭೋಗ, ಪಟೇಲರ ಜೊತೆ ತೋಟಿ, ತಳವಾರ, ನೀರುಗಂಟಿಯ ಹುದ್ದೆಯೂ ಹೋಯಿತು. ಹೋಗಿದ್ದು ಒಳ್ಳೆಯದೇ. ಹುಟ್ಟಿನಿಂದ ಅಂಟಿದ ಚಾಕರಿ ಯಾರಿಗೂ ಬೇಡ. ಆದರೆ ಆ ಜಾಗಕ್ಕೆ ಏನು ಬಂತು? ಸಂಬಳ, ಗೌರವ, ಅಧಿಕಾರ ಇರುವ ಒಂದು ಸರ್ಕಾರಿ ಹುದ್ದೆ ಮಾಡಿ ಆ ಜ್ಞಾನ ಉಳ್ಳವರನ್ನೇ ಕೂರಿಸಬಹುದಿತ್ತು. ಅದಾಗಲಿಲ್ಲ. ಕೆರೆ ಇಲಾಖೆಗಳ ಕೈಗೆ ಹೋಯಿತು. ಕಾಲುವೆ ನಕ್ಷೆಯಲ್ಲಿ ಒಂದು ಗೆರೆಯಾಯಿತು. ಆ ಗೆರೆಯನ್ನು ಅಳಿಸೋದು ಸುಲಭ.

ಎಷ್ಟು ಅಳಿಸಿದರು? ಬೆಂಗಳೂರಿನ ಮಳೆನೀರು ನಿರ್ವಹಣೆ ಬಗ್ಗೆ 2021ರಲ್ಲಿ ಸದನದ ಮುಂದೆ ಬಂದ ಸಿಎಜಿ ವರದಿ ನೋಡಿ. ಕೋರಮಂಗಲ ಕಣಿವೆಯಲ್ಲಿ 1900ರ ಆಸುಪಾಸಿನಲ್ಲಿ 113 ಕಿ.ಮೀ. ಇದ್ದ ಕಾಲುವೆ 2016-17ಕ್ಕೆ ಸುಮಾರು 63 ಕಿ.ಮೀ. ವೃಷಭಾವತಿ ಕಣಿವೆಯಲ್ಲಿ 226 ಕಿ.ಮೀ. ಇದ್ದದ್ದು ಸುಮಾರು 112 ಕಿ.ಮೀ. ಅರ್ಧದಷ್ಟು ಕಾಲುವೆ ನುಂಗಿ ನೀರು ಕುಡಿದಿದ್ದಾರೆ. ಇಷ್ಟನ್ನು ನುಂಗೋ ಶಕ್ತಿ ಗುಡಿಸಲಿನವರಿಗೆ ಇದೆಯಾ?

ನಿಯಮ ಇಲ್ಲದೆ ಹೀಗಾಯಿತಾ? ನಿಯಮಗಳಿಗೆ ಬರ ಇಲ್ಲ. 1964ರಲ್ಲಿ ಜಲಮಂಡಳಿ ಬಂತು. 1974ರಲ್ಲಿ ಕೇಂದ್ರದ ಜಲ ಮಾಲಿನ್ಯ ತಡೆ ಕಾಯ್ದೆ ಬಂತು. ಆ ಕಾಯ್ದೆಯಲ್ಲಿ ಹೊಳೆ ಅನ್ನೋದಕ್ಕೆ ಕೊಟ್ಟ ಅರ್ಥದಲ್ಲಿ ನೀರು ಹರಿಯುವ ದಾರಿಯೂ ಸೇರಿದೆ. ಹರಿಯುತ್ತಿರಲಿ, ಸದ್ಯಕ್ಕೆ ಒಣಗಿರಲಿ, ಅದಕ್ಕೆ ಕೊಳಕು ಬಿಡೋದು ಅಪರಾಧ. 24ನೇ ಸೆಕ್ಷನ್ ಓದಿ. 2009ರಲ್ಲಿ ಜಲಮಂಡಳಿ ಕಾಯ್ದೆಗೆ ತಿದ್ದುಪಡಿ ತಂದು ಮಳೆಕೊಯ್ಲು ಕಡ್ಡಾಯ ಮಾಡಿದರು: 2400 ಚದರಡಿ ಮತ್ತು ಅದಕ್ಕಿಂತ ದೊಡ್ಡ ನಿವೇಶನದ ಹಳೇ ಕಟ್ಟಡಗಳಿಗೆ, 1200 ಚದರಡಿ ಮೇಲ್ಪಟ್ಟ ನಿವೇಶನದ ಹೊಸ ಕಟ್ಟಡಗಳಿಗೆ. ಒಳ್ಳೆ ನಿಯಮ. ಚಾವಣಿಯ ನೀರು ಅಲ್ಲೇ ಇಂಗಿದರೆ ರಸ್ತೆಗೆ ಬರೋ ನೀರು ಕಮ್ಮಿ. ಆದರೆ ಮಳೆಕೊಯ್ಲು ಮಾಡದೆ ಬಿಲ್ಲಿನ ಜೊತೆ ದಂಡ ಕಟ್ಟಿಕೊಂಡು ಆರಾಮಾಗಿರೋ ಮನೆಗಳು ಸಾವಿರಾರು. ಉಳ್ಳವರಿಗೆ ನಿಯಮ ಮುರಿಯೋಕೂ ಒಂದು ರೇಟು ಇದೆ.

2016ರ ಮೇ ತಿಂಗಳಲ್ಲಿ ಹಸಿರು ನ್ಯಾಯಮಂಡಳಿ ಕೆರೆಗೆ 75 ಮೀಟರ್, ರಾಜಕಾಲುವೆಗಳಿಗೆ ದೊಡ್ಡದು ಚಿಕ್ಕದು ನೋಡಿ 50, 35, 25 ಮೀಟರ್ ಬಫರ್ ಅಂತ ಹೇಳಿತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿತು. ಮತ್ತೆ ಮಾಸ್ಟರ್ ಪ್ಲಾನ್ ಲೆಕ್ಕ: ಕೆರೆಗೆ 30, ಕಾಲುವೆಗಳಿಗೆ 50, 25, 15. ವಾದ ಎಲ್ಲ ಮೀಟರಿನ ಮೇಲೆ. ಕಾಲುವೆಯ ದಡದಿಂದ ಎಷ್ಟು ದೂರ ಅಂತ ಅಳೆದರು. ಕಾಲುವೆಯ ಒಳಗೆ ಏನು ಹರೀತಿದೆ, ಒಳಗೆ ಯಾರು ನಿಂತಿದ್ದಾರೆ ಅಂತ ಅಳೆಯಲಿಲ್ಲ.

ಒಳಗೆ ಏನು ಹರೀತಿದೆ ಅಂತ ಎಲ್ಲರಿಗೂ ಗೊತ್ತು. 2007ರಲ್ಲಿ ಸುತ್ತಲಿನ ನಗರಸಭೆಗಳನ್ನೂ 110 ಹಳ್ಳಿಗಳನ್ನೂ ಸೇರಿಸಿ ಬಿಬಿಎಂಪಿ ಮಾಡಿದರು. ಲೇಔಟ್ ಮೊದಲು ಬಂತು, ಅಪಾರ್ಟ್‌ಮೆಂಟ್ ಮೊದಲು ಬಂತು, ಒಳಚರಂಡಿ ಎಷ್ಟೋ ವರ್ಷ ಆದ ಮೇಲೆ ಬಂತು. ಅಷ್ಟರ ತನಕ ಹೇಲು ಉಚ್ಚೆ ಎಲ್ಲ ಎಲ್ಲಿಗೆ? ರಾಜಕಾಲುವೆಗೆ. ಅದರ ಫಲ ಬೆಳ್ಳಂದೂರು ಕೆರೆಯಲ್ಲಿ ನೊರೆಯಾಗಿ ಎದ್ದಿತು. 2017ರಲ್ಲಿ, 2018ರಲ್ಲಿ ಬೆಂಕಿಯಾಗಿ ಉರಿಯಿತು. ಕೆರೆಗೆ ಬೆಂಕಿ ಬಿದ್ದದ್ದನ್ನು ಲೋಕವೆಲ್ಲ ನೋಡಿತು.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ದಯವಿಟ್ಟು ಇದನ್ನು ನಿಧಾನಕ್ಕೆ ಓದಿ.

ತಲೆ ಮೇಲೆ ಮಲ ಹೊರುವ ಪದ್ಧತಿ ನಿಲ್ಲಿಸೋಕೆ ಕರ್ನಾಟಕದಲ್ಲಿ 1970ರ ದಶಕದಲ್ಲೇ ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿ ಹೆಜ್ಜೆ ಇಟ್ಟರು. ದೇಶಕ್ಕೆ ಕಾಯ್ದೆ ಬಂದದ್ದು 1993ರಲ್ಲಿ, ಅದನ್ನು ಗಟ್ಟಿ ಮಾಡಿದ್ದು 2013ರಲ್ಲಿ. ಈ 2013ರ ಕಾಯ್ದೆಯಲ್ಲಿ ‘ಸೀವರ್’ ಅಂದರೆ ಮಲ ಸಾಗಿಸುವ, ನೆಲದೊಳಗಿನ ಕೊಳವೆ. ತೆರೆದ ಚರಂಡಿಯ ಮಾತೂ ಇದೆ, ಆದರೆ ಅದು ಅನೈರ್ಮಲ್ಯ ಶೌಚಾಲಯದ ಮಲ ಬಂದು ಬೀಳುವ ಚರಂಡಿ. ಈಗ ರಾಜಕಾಲುವೆಗೆ ಬನ್ನಿ. ಅದು ತೆರೆದಿದೆ, ಹಾಗಾಗಿ ಸೀವರ್ ಅಲ್ಲ. ಅದಕ್ಕೆ ಬಂದು ಬೀಳೋದು ಟೈಲ್ಸ್ ಹಾಕಿದ, ಫ್ಲಶ್ ಇರುವ ಫ್ಲ್ಯಾಟಿನ ಮಲ, ಹಾಗಾಗಿ ಅನೈರ್ಮಲ್ಯ ಶೌಚಾಲಯವೂ ಅಲ್ಲ. ಕಾಗದದ ಮೇಲೆ ಅದು ಮಳೆನೀರು ಕಾಲುವೆ. ಅದರೊಳಗೆ ಸೊಂಟದ ಮಟ್ಟ ನಿಂತು ಬಾಂಡ್ಲಿಯಲ್ಲಿ ಎತ್ತಿ ಹಾಕುವವನು ಕಾಗದದ ಮೇಲೆ ಯಾರು? ‘ಹೂಳೆತ್ತುವ ಕೂಲಿ’. ಗುತ್ತಿಗೆದಾರನ ಕೂಲಿ. ಅವನು ಮಲ ಹೊರುವವನಲ್ಲ, ಸರ್ವೆಯಲ್ಲಿ ಬರಲ್ಲ, ಪುನರ್ವಸತಿ ಇಲ್ಲ.

ಮಳೆನೀರು ಕಾಲುವೆ ಅನ್ನೋ ಒಂದು ಹೆಸರು ಎರಡು ಅಪರಾಧವನ್ನು ಒಟ್ಟಿಗೆ ಮುಚ್ಚಿಡುತ್ತೆ. ಮೇಲಿನಿಂದ ಮಲ ಬಿಟ್ಟವನ ಅಪರಾಧ ಒಂದು, ಕೆಳಗೆ ಮನುಷ್ಯನನ್ನು ಇಳಿಸಿದವನ ಅಪರಾಧ ಇನ್ನೊಂದು. ಹಿಂದೆ ಮೈಲಿಗೆ ಅನ್ನೋ ನಿಯಮ ನಮ್ಮನ್ನು ನೀರಿನಿಂದ ದೂರ ಇಟ್ಟಿತು. ಈಗ ಮಾಲಿನ್ಯ ಅನ್ನೋ ನಿಯಮ ಬಂದಿದೆ, ಆದರೆ ಆ ಮಾಲಿನ್ಯದ ಒಳಗೇ ನಮ್ಮನ್ನು ಇಳಿಸಿದೆ.

ಮ್ಯಾನ್‌ಹೋಲಿನಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ಕೊಡಿ ಅಂತ ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು. 2023ರ ಅಕ್ಟೋಬರ್‌ನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಸಫಾಯಿ ಕರ್ಮಚಾರಿ ಆಂದೋಲನದಂಥ ಹೋರಾಟ ಇಲ್ಲದಿದ್ದರೆ ಇಷ್ಟೂ ಬರ್ತಿರಲಿಲ್ಲ. ಆದರೆ ಸಾವು ‘ಸೀವರ್ ಸಾವು’ ಅಂತ ದಾಖಲಾದರೆ ತಾನೆ ಪರಿಹಾರ? ಕಾಲುವೆಯಲ್ಲಿ ಜಾರಿ ಬಿದ್ದ ಅಂತ ಬರೆದರೆ ಮುಗೀತು.

ತೆರವಿನ ವಿಷಯದಲ್ಲೂ ಇದೇ ಕಥೆ. 2022ರ ಸೆಪ್ಟೆಂಬರ್ ಮಳೆಯಲ್ಲಿ ಐಟಿ ಉದ್ಯೋಗಿಗಳು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದದ್ದು ದೊಡ್ಡ ಸುದ್ದಿಯಾಯಿತು. ಪ್ರತಿ ಮಳೆಗೂ ಕಾಲುವೆ ದಂಡೆಯ ಕೊಳೆಗೇರಿಯಲ್ಲಿ ಅಕ್ಕಿ ಡಬ್ಬ ತೇಲೋದು ಸುದ್ದಿಯಲ್ಲ. ದೊಡ್ಡವರಿಗೆ ನೋಟಿಸ್, ಮರುಸರ್ವೆ, ತಡೆಯಾಜ್ಞೆ. ಶೀಟ್ ಮನೆಗೆ ಬೆಳಗ್ಗೆ ಆರಕ್ಕೆ ಜೆಸಿಬಿ. ನಾನು ಒತ್ತುವರಿ ಪರ ಮಾತಾಡ್ತಿಲ್ಲ. ಆ ದಂಡೆಗೆ ಯಾರೂ ಆಸೆಪಟ್ಟು ಬಂದು ಕೂತಿಲ್ಲ, ಊರೊಳಗೆ ಬಾಡಿಗೆ ಮನೆ ಕೊಡದೆ ತಳ್ಳಿದ್ದಕ್ಕೆ ಬಂದು ಕೂತರು ಅಂತ ಹೇಳ್ತಿದ್ದೀನಿ.

ಈ ನೀರು ಇಲ್ಲಿಗೇ ನಿಲ್ಲಲ್ಲ ಅನ್ನೋದೂ ನೆನಪಿರಲಿ. ವೃಷಭಾವತಿ ಬೈರಮಂಗಲ ಕೆರೆಗೆ ಹೋಗುತ್ತೆ. ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಎರಡು ಹಂತ ಮಾತ್ರ ಶುದ್ಧ ಮಾಡಿ 2018ರಿಂದ ಕೋಲಾರದ ಕೆರೆಗಳಿಗೆ ಪಂಪ್ ಮಾಡ್ತಿದ್ದಾರೆ. ಮೂರನೇ ಹಂತದ ಶುದ್ಧೀಕರಣ ಮಾಡಿ ಅಂತ ಕೋಲಾರ ಕೇಳುತ್ತಲೇ ಇದೆ. ಯಾವ ನಾಡಿನ ನೀರುಗಂಟಿಗಳು ಕೆರೆ ಕಾದರೋ ಅದೇ ನಾಡಿನ ಕೆರೆಗೆ ಬೆಂಗಳೂರಿನ ಬಚ್ಚಲ ನೀರು.

ಹಾಗಾದರೆ ನಾವು ಕೇಳಬೇಕಾದ್ದು ಏನು?

ಒಂದು, ಮಲ ಹರಿಯುವ ರಾಜಕಾಲುವೆಯನ್ನು ಕಾಯ್ದೆಯಲ್ಲಿ ಸೀವರ್ ಅಂತಲೇ ಪರಿಗಣಿಸಬೇಕು. ಮನುಷ್ಯರನ್ನು ಇಳಿಸಿದ ಗುತ್ತಿಗೆದಾರನ ಮೇಲೂ, ಟೆಂಡರ್‌ಗೆ ಸಹಿ ಹಾಕಿದ ಅಧಿಕಾರಿಯ ಮೇಲೂ 2013ರ ಕಾಯ್ದೆಯಡಿ ಕೇಸು ಬೀಳಬೇಕು.

ಎರಡು, ಕಾಲುವೆಗೆ ಮಲ ಬಿಡುವ ಪ್ರತಿ ಪೈಪಿನ ಮೂಲ ಪತ್ತೆ ಹಚ್ಚಿ, ವಾರ್ಡ್ ಕಚೇರಿಯ ಗೋಡೆ ಮೇಲೆ ಪಟ್ಟಿ ಅಂಟಿಸಬೇಕು.

ಮೂರು, ದಂಡೆಯ ಮನೆ ತೆಗೆಯೋದಾದರೆ ಮೊದಲು ಅದೇ ವಾರ್ಡಿನಲ್ಲಿ ಮನೆ, ಆಮೇಲೆ ಜೆಸಿಬಿ.

ನಾಲ್ಕು, ಕೆರೆ ಕಾಲುವೆಗಳ ಸಮಿತಿಗಳಲ್ಲಿ ವಾಕಿಂಗ್ ಬರುವವರ ಸಂಘ ಮಾತ್ರ ಸಾಲದು. ಪೌರಕಾರ್ಮಿಕರು, ದಂಡೆಯ ನಿವಾಸಿಗಳು, ನೀರುಗಂಟಿ ಮನೆತನದವರು ಕೂರಬೇಕು, ಅವರ ಮಾತಿಗೆ ಓಟು ಇರಬೇಕು.

ಈ ಊರಿನ ನೀರು ಯಾವ ಕಡೆ ಹರಿಯುತ್ತೆ ಅಂತ ತಿಳಿದ ಜನ ನಾವು. ಮುಂದಿನ ಮಳೆಗೆ ಟಿವಿಯವರು ಮೈಕ್ ಹಿಡಿದುಕೊಂಡು ರಾಜಕಾಲುವೆ ಹತ್ತಿರ ನಿಂತಾಗ, ಬಫರ್ ಎಷ್ಟು ಮೀಟರ್ ಅಂತ ಕೇಳೋ ಮೊದಲು ‘ಒಳಗೆ ಇಳಿದಿರೋರು ಯಾರು, ಅವರ ಕೈಗೆ ಗ್ಲೌಸ್ ಇದೆಯಾ’ ಅಂತ ಕೇಳಿ. ನಿಮ್ಮ ವಾರ್ಡಿನಲ್ಲಿ ಹಾಗೆ ಇಳಿಸ್ತಿದ್ದರೆ ತಾರೀಖು, ಜಾಗ ಬರೆದಿಟ್ಟುಕೊಂಡು ದೂರು ಕೊಡಿ.

ಜೈ ಭೀಮ್.