ಪರೇಲಿನ ಪ್ರಯೋಗಾಲಯ ಮತ್ತು ಜೀವನಪರ್ಯಂತದ ಮಾತ್ರೆ

ವಿಟಮಿನ್ ಎಂಬ ಪದದ ಮೂಲರೂಪವನ್ನು 1912ರಲ್ಲಿ ಬಳಕೆಗೆ ತಂದವರು ಪೋಲೆಂಡ್ ಮೂಲದ ವಿಜ್ಞಾನಿ ಕ್ಯಾಸಿಮಿರ್ ಫಂಕ್. ಅಲ್ಲಿಂದ ಬಹುಕಾಲ ಅದು ಇಲ್ಲದವರ ಕಾಯಿಲೆಗಳ ಜೊತೆಗೇ ಕೇಳಿಬಂದ ಪದ: ಪಾಲಿಶ್ ಮಾಡಿದ ಅಕ್ಕಿಯನ್ನೇ ಉಂಡವರ ಬೆರಿಬೆರಿ, ತಿಂಗಳುಗಟ್ಟಲೆ ಹಣ್ಣು ತರಕಾರಿ ಕಾಣದ ನಾವಿಕರ ಸ್ಕರ್ವಿ. ಇಂದು ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ಅಂಥ ಕೊರತೆಗಳಿಗೆ ಇನ್ನೊಂದು ದಾರಿಯೂ ತೆರೆದಿದೆ. ತೂಕ ಇಳಿಸುವ ಶಸ್ತ್ರಕ್ರಿಯೆ ಮಾಡಿಸಿಕೊಂಡವರ ಮನೆಯಲ್ಲಿ ಊಟಕ್ಕೆ ಅಭಾವವಿಲ್ಲ. ಆದರೂ ಅವರು ಬದುಕಿರುವವರೆಗೆ ವಿಟಮಿನ್, ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳನ್ನು ನುಂಗಬೇಕು. ಆ ಮಾತ್ರೆಗಳಲ್ಲೊಂದರ ಚರಿತ್ರೆ ಆರಂಭವಾದದ್ದು ಕಲ್ಯಾಣದಿಂದ ಹೊರಡುವ ಸ್ಲೋ ಲೋಕಲ್ ನಿಲ್ಲುವ ಪರೇಲಿನಲ್ಲಿ.

ಪರೇಲಿನ ಹಳೆಯ ಗವರ್ನರ್ ನಿವಾಸಕ್ಕೆ 1899ರಲ್ಲಿ ಪ್ಲೇಗ್ ಸಂಶೋಧನಾಲಯ ಬಂತು. ಪ್ಲೇಗ್ ಲಸಿಕೆಯನ್ನು ಸಿದ್ಧಪಡಿಸಿದ ವಾಲ್ಡೆಮಾರ್ ಹಾಫ್‌ಕಿನ್ ಅವರ ಹೆಸರನ್ನು 1925ರಲ್ಲಿ ಆ ಸಂಸ್ಥೆಗೆ ಇಡಲಾಯಿತು. 1928ರಲ್ಲಿ ಅಲ್ಲಿಗೆ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಬಂದರು. ಕೇಂಬ್ರಿಜ್‌ನಲ್ಲಿ ಸಸ್ಯಶಾಸ್ತ್ರ, ಭೂವಿಜ್ಞಾನಗಳನ್ನು ಓದಿ, ಬಳಿಕ ಲಂಡನ್ನಿನಲ್ಲಿ ವೈದ್ಯ ಪದವಿ ಪಡೆದವರು. ಅವರ ಮುಂದಿದ್ದ ಪ್ರಶ್ನೆ ಕಠಿಣವಾಗಿತ್ತು. ಬಟ್ಟೆ ಗಿರಣಿಗಳಲ್ಲಿ ದುಡಿಯುವ ಬಡ ಬಸುರಿಯರು ತೀವ್ರ ರಕ್ತಹೀನತೆಯಿಂದ ಸಾಯುತ್ತಿದ್ದರು. ಅವರ ರಕ್ತದಲ್ಲಿ ಕೆಂಪುಕಣಗಳ ಸಂಖ್ಯೆ ಕುಸಿದಿತ್ತು, ಉಳಿದ ಕಣಗಳು ಮಾತ್ರ ಅಸಹಜವಾಗಿ ದೊಡ್ಡದಾಗಿದ್ದವು. ಹಲವರು ಸೋಂಕನ್ನು ಶಂಕಿಸುತ್ತಿದ್ದರು. ವಿಲ್ಸ್ ತಟ್ಟೆಯನ್ನು ನೋಡಿದರು.

ಸಹೋದ್ಯೋಗಿ ತಲ್ಪಡೆಯವರೊಡನೆ ಅವರು ಮುಂಬಯಿಯ ಬೇರೆಬೇರೆ ವರ್ಗದ ಹೆಂಗಸರ ಆಹಾರವನ್ನೂ ವಾಸದ ಸ್ಥಿತಿಯನ್ನೂ ಸಮೀಕ್ಷಿಸಿದರು. ಬಡ ಮುಸ್ಲಿಂ ಕುಟುಂಬಗಳ ಹೆಂಗಸರ ಊಟ ಎಲ್ಲರಿಗಿಂತ ಸಾರಹೀನವಾಗಿತ್ತು, ಈ ರೋಗ ಹೆಚ್ಚಾಗಿ ಕಾಡುತ್ತಿದ್ದುದೂ ಅವರನ್ನೇ. ಅಂಥದೇ ಆಹಾರವನ್ನು ಇಲಿಗಳಿಗೆ ಕೊಟ್ಟಾಗ ಅವಕ್ಕೂ ರಕ್ತಹೀನತೆ ಬಂತು. ಯೀಸ್ಟ್ ಸೇರಿಸಿದಾಗ ತಪ್ಪಿತು. ಆದರೆ ಹೇನಿನಿಂದ ಹರಡುವ ಒಂದು ಸೋಂಕು ಆ ಇಲಿಗಳ ಫಲಿತಾಂಶವನ್ನು ಕೆಡಿಸಿತ್ತು ಎಂದು ಆಮೇಲೆ ತಿಳಿಯಿತು. ಪ್ರಯೋಗವನ್ನು ಕೋತಿಗಳ ಮೇಲೆ ಮತ್ತೆ ಮಾಡಬೇಕಾಯಿತು. ಇಂಗ್ಲೆಂಡಿನಲ್ಲಿ ಬ್ರೆಡ್ಡಿಗೆ ಹಚ್ಚಿ ತಿನ್ನುವ, ಯೀಸ್ಟಿನ ಸಾರವಾದ ಮಾರ್ಮೈಟ್ ಎಂಬ ಅಗ್ಗದ ಪದಾರ್ಥದಿಂದ ಅವು ಚೇತರಿಸಿಕೊಂಡವು. ಅದೇ ಮಾರ್ಮೈಟ್ ಬಸುರಿಯರನ್ನೂ ಬದುಕಿಸಿತು. 1931ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಈ ವರದಿಯನ್ನು ಪ್ರಕಟಿಸಿತು.

ಯೀಸ್ಟಿನೊಳಗಿದ್ದ ವಸ್ತು ಯಾವುದೆಂದು ಆಗ ಯಾರಿಗೂ ತಿಳಿದಿರಲಿಲ್ಲ. 'ವಿಲ್ಸ್ ಅಂಶ' ಎಂದು ಕರೆದರು. 1941ರಲ್ಲಿ ಅಮೆರಿಕದ ವಿಜ್ಞಾನಿಗಳು ಪಾಲಕ್ ಸೊಪ್ಪಿನಿಂದ ಒಂದು ಆಮ್ಲವನ್ನು ಬೇರ್ಪಡಿಸಿ, ಲ್ಯಾಟಿನ್ನಿನಲ್ಲಿ ಎಲೆ ಎಂಬರ್ಥದ ಪದದಿಂದ ಫೋಲಿಕ್ ಆಮ್ಲವೆಂದು ಹೆಸರಿಟ್ಟರು. 1945ರಲ್ಲಿ ಅದನ್ನು ಕೃತಕವಾಗಿ ತಯಾರಿಸಿದ ಅಮೆರಿಕದ ಲೆಡರ್ಲಿ ಪ್ರಯೋಗಾಲಯದ ತಂಡಕ್ಕೆ ನಾಯಕರಾಗಿದ್ದವರು ಭೀಮಾವರಂನಲ್ಲಿ ಹುಟ್ಟಿದ ಯೆಲ್ಲಾಪ್ರಗಡ ಸುಬ್ಬರಾವ್. ಭಾರತ ಸರಕಾರ 1970ರಲ್ಲಿ ಗರ್ಭಿಣಿಯರಿಗಾಗಿ ಆರಂಭಿಸಿದ ಕಾರ್ಯಕ್ರಮದಲ್ಲಿ ಕಬ್ಬಿಣದ ಜೊತೆಗೂಡಿದ್ದು ಇದೇ ಫೋಲಿಕ್ ಆಮ್ಲ.

ಇದಕ್ಕೆ ಸಮಾನಾಂತರವಾಗಿ ಇನ್ನೊಂದು ಕಥೆ ನಡೆದಿತ್ತು. ಪರ್ನಿಶಿಯಸ್ ಅನೀಮಿಯಾ ಎಂಬ ಮಾರಕ ರಕ್ತಹೀನತೆಯಲ್ಲಿಯೂ ಕೆಂಪುಕಣ ದೊಡ್ಡದಾಗುತ್ತದೆ. ಆದರೆ ಅದನ್ನು ಗುಣಪಡಿಸುತ್ತಿದ್ದ ಶುದ್ಧೀಕರಿಸಿದ ಯಕೃತ್ತಿನ ಸಾರ ಮುಂಬಯಿಯ ಹೆಂಗಸರಿಗೆ ಫಲ ಕೊಡಲಿಲ್ಲ. ನೋಡಲು ಒಂದೇ ತೆರನಾದ ಎರಡು ಕೊರತೆಗಳಿವೆ ಎಂಬುದು ಹೀಗೆ ಬೆಳಕಿಗೆ ಬಂತು. ಎರಡನೆಯದರ ಗುಟ್ಟನ್ನು ಬೋಸ್ಟನ್ನಿನ ವಿಲಿಯಂ ಕ್ಯಾಸಲ್ ವಿಚಿತ್ರ ರೀತಿಯಲ್ಲಿ ಬಿಡಿಸಿದರು. ತಾವೇ ಮಾಂಸ ತಿಂದು, ಒಂದು ಗಂಟೆಯ ಬಳಿಕ ಅದನ್ನು ಹೊರತೆಗೆದು, ನಳಿಕೆಯ ಮೂಲಕ ರೋಗಿಗಳ ಹೊಟ್ಟೆಗೆ ಸೇರಿಸಿದರು. ಬರಿಯ ಮಾಂಸದಿಂದ ಆಗದ ಗುಣ ಇದರಿಂದ ಆಯಿತು. ಆರೋಗ್ಯವಂತ ಜಠರ ಸ್ರವಿಸುವ ಯಾವುದೋ ವಸ್ತು ಸೇರಿದರೆ ಮಾತ್ರ ಆಹಾರದೊಳಗಿನ ಅಂಶ ದೇಹಕ್ಕೆ ದಕ್ಕುತ್ತದೆ ಎಂದು ಅವರು 1929ರಲ್ಲಿ ಪ್ರಕಟಿಸಿದರು. ಆಹಾರದೊಳಗಿನ ಆ ಅಂಶ 1948ರಲ್ಲಿ ಕೆಂಪು ಹರಳುಗಳಾಗಿ ಕೈಗೆ ಸಿಕ್ಕಿತು: ವಿಟಮಿನ್ ಬಿ12.

ಕ್ಯಾಸಲ್ ಅವರ ಪಾಠ ತೂಕ ಇಳಿಸುವ ಶಸ್ತ್ರಕ್ರಿಯೆಗೆ ನೇರವಾಗಿ ಅನ್ವಯಿಸುತ್ತದೆ. ಅಮೆರಿಕದ ಮಿನೆಸೋಟದಲ್ಲಿ 1954ರಲ್ಲಿ ವರದಿಯಾದ ಮೊದಲ ವಿಧಾನದಲ್ಲಿ ಸಣ್ಣ ಕರುಳಿನ ಬಹುಭಾಗವನ್ನು ಆಹಾರದ ದಾರಿಯಿಂದ ತಪ್ಪಿಸುತ್ತಿದ್ದರು. ತೂಕವೇನೋ ಇಳಿಯಿತು, ಜೊತೆಗೆ ಯಕೃತ್ತಿನ ವೈಫಲ್ಯ, ಮೂತ್ರಪಿಂಡದ ಕಲ್ಲು, ಪೋಷಕಾಂಶಗಳ ಕೊರತೆ ಬಂದು ಅದು ಕೈಬಿಟ್ಟುಹೋಯಿತು. 1966ರಲ್ಲಿ ಅಯೋವಾದ ಎಡ್ವರ್ಡ್ ಮೇಸನ್ ಗ್ಯಾಸ್ಟ್ರಿಕ್ ಬೈಪಾಸ್ ಆರಂಭಿಸಿದರು. ಇಂದಿನ ಬೈಪಾಸ್‌ನಲ್ಲಿ ಆಹಾರವು ಜಠರದ ಹೆಚ್ಚಿನ ಭಾಗವನ್ನೂ ಕಬ್ಬಿಣ, ಕ್ಯಾಲ್ಸಿಯಂಗಳು ಮುಖ್ಯವಾಗಿ ಹೀರಲ್ಪಡುವ ಸಣ್ಣ ಕರುಳಿನ ಆರಂಭದ ಭಾಗವನ್ನೂ ಮುಟ್ಟದೆ ಮುಂದೆ ಸಾಗುತ್ತದೆ. ಸ್ಲೀವ್ ವಿಧಾನದಲ್ಲಿ ಜಠರದ ಮುಕ್ಕಾಲು ಭಾಗವನ್ನೇ ಕತ್ತರಿಸಿ ತೆಗೆಯುತ್ತಾರೆ. ಕ್ಯಾಸಲ್ ಊಹಿಸಿದ ವಸ್ತುವನ್ನು ಸ್ರವಿಸುವ ಕೋಶಗಳಲ್ಲಿ ಬಹುಪಾಲು ಅದರೊಡನೆ ಹೋಗುತ್ತವೆ.

ಆದ್ದರಿಂದ ಈ ಮಾತ್ರೆಗಳನ್ನು ಟಾನಿಕ್ ಎಂದು ಭಾವಿಸುವಂತಿಲ್ಲ. ಕಳೆದುಹೋದ ಅಂಗದ ಕೆಲಸವನ್ನು ಅವು ಮಾಡುತ್ತಿವೆ. ಅಮೆರಿಕದ ಶಸ್ತ್ರವೈದ್ಯರ ಸಂಘದ 2016ರ ಮಾರ್ಗಸೂಚಿ ದಿನಕ್ಕೆ 350ರಿಂದ 500 ಮೈಕ್ರೋಗ್ರಾಂ ಬಿ12, 400ರಿಂದ 800 ಮೈಕ್ರೋಗ್ರಾಂ ಫೋಲೇಟ್, ಕನಿಷ್ಠ 12 ಮಿಲಿಗ್ರಾಂ ಥಯಾಮಿನ್ ಹೇಳುತ್ತದೆ. ಮುಟ್ಟಾಗುವ ಹೆಂಗಸರಿಗೆ ಕಬ್ಬಿಣ 45ರಿಂದ 60 ಮಿಲಿಗ್ರಾಂ. ಬೈಪಾಸ್ ಅಥವಾ ಸ್ಲೀವ್ ಆದವರಿಗೆ ಕ್ಯಾಲ್ಸಿಯಂ ಆಹಾರವೂ ಸೇರಿ 1200ರಿಂದ 1500 ಮಿಲಿಗ್ರಾಂ. ಕಬ್ಬಿಣವನ್ನೂ ಕ್ಯಾಲ್ಸಿಯಮ್ಮನ್ನೂ ಒಟ್ಟಿಗೆ ನುಂಗಿದರೆ ಒಂದು ಇನ್ನೊಂದನ್ನು ತಡೆಯುತ್ತದೆ. ನಡುವೆ ಕೆಲವು ಗಂಟೆಗಳ ಅಂತರ ಬೇಕು. ಕಬ್ಬಿಣದ ಮಾತ್ರೆಯ ಮೇಲೆ ಚಹಾ ಕುಡಿದರೂ ಅದೇ ನಷ್ಟ. ಯಾರಿಗೆ ಎಷ್ಟು ಎಂಬುದನ್ನು ರಕ್ತಪರೀಕ್ಷೆ ನೋಡಿ ವೈದ್ಯರೇ ನಿರ್ಧರಿಸಬೇಕು.

ಅಪಾಯವಿರುವುದು ಕಾಲದ ಅಂತರದಲ್ಲಿ. ಶಸ್ತ್ರಕ್ರಿಯೆಯ ನಂತರ ವಾಂತಿ ನಿಲ್ಲದಿದ್ದರೆ ಥಯಾಮಿನ್ ಕೆಲವೇ ವಾರಗಳಲ್ಲಿ ಬರಿದಾಗಿ, ಕಣ್ಣಿನ ಚಲನೆ, ನಡಿಗೆ, ನೆನಪುಗಳು ಕೆಡಬಹುದು. ಅದು ತುರ್ತು ಚಿಕಿತ್ಸೆಯ ವಿಷಯ. ಬಿ12 ಮಾತ್ರ ಯಕೃತ್ತಿನಲ್ಲಿ ವರ್ಷಗಟ್ಟಲೆ ಸಾಲುವಷ್ಟು ಸಂಗ್ರಹವಾಗಿರುತ್ತದೆ. ತೂಕ ಇಳಿದು, ಬಟ್ಟೆ ಸಡಿಲವಾಗಿ, ಎಲ್ಲವೂ ನೆಟ್ಟಗಾಯಿತೆಂದು ಡಬ್ಬಿಯನ್ನು ಮರೆತವರಿಗೆ ಕೊರತೆ ತಡವಾಗಿ ಕಾಣಿಸುತ್ತದೆ. ಮೊದಲೇ ಸಸ್ಯಾಹಾರಿಗಳಾದ ನಮ್ಮ ಅನೇಕ ಮನೆಗಳಲ್ಲಿ ಆ ಸಂಗ್ರಹವೂ ಸಣ್ಣದು. ಪಾದ ಜೋಮು ಹಿಡಿದರೆ ಡೊಂಬಿವಲಿಯಿಂದ ಗಾಡಿಯಲ್ಲಿ ನಿಂತು ಬಂದ ದಣಿವೆಂದು ಸುಮ್ಮನಾಗುವುದು ಸುಲಭ.

ಇಲ್ಲಿ ಹಳೆಯ ಚರಿತ್ರೆಯ ಒಂದು ಎಚ್ಚರಿಕೆ ನೆನಪಿಡತಕ್ಕದ್ದು. ಫೋಲಿಕ್ ಆಮ್ಲ ಬಂದ ಹೊಸತರಲ್ಲಿ ವೈದ್ಯರು ಅದನ್ನು ಬಿ12 ಕೊರತೆಯವರಿಗೂ ಕೊಟ್ಟರು. ರಕ್ತ ಸುಧಾರಿಸಿತು, ಆದರೆ ನರಗಳ ಹಾನಿ ಒಳಗೊಳಗೇ ಮುಂದುವರಿಯಿತು. ಹಿಮೋಗ್ಲೋಬಿನ್ ಚೆನ್ನಾಗಿದೆ ಎಂಬ ಒಂದೇ ಸಾಲಿನ ವರದಿಯನ್ನು ನಂಬಿ ಬಿ12 ಪರೀಕ್ಷೆಯನ್ನು ಬಿಡುವವರು ಆ ತಪ್ಪನ್ನೇ ಮತ್ತೆ ಮಾಡಿದಂತೆ. ತಡವಾದರೆ ನರಕ್ಕಾದ ಹಾನಿ ಪೂರ್ತಿ ಮರಳದು.

ಮುಂಬಯಿಯ ಆ ಗಿರಣಿಗಳು ಮುಚ್ಚಿವೆ. ಅವುಗಳ ಜಾಗದಲ್ಲಿ ಗಾಜಿನ ಗೋಪುರಗಳೆದ್ದಿವೆ. ಹಾಫ್‌ಕಿನ್ ಸಂಸ್ಥೆ ಪರೇಲಿನಲ್ಲಿ ಇಂದಿಗೂ ಇದೆ. ಅಲ್ಲಿ ಅಭ್ಯಾಸಕ್ಕೊಳಗಾದ ಹೆಂಗಸರ ಹೆಸರುಗಳನ್ನು ಯಾರೂ ಬರೆದಿಡಲಿಲ್ಲ. ಬೆಳಿಗ್ಗೆ ನುಂಗುವ ಮಾತ್ರೆಯ ಕಾಗದದ ಮೇಲೆ ಫೋಲಿಕ್ ಆಮ್ಲ ಎಂದು ಓದುವಾಗ ನೆನೆಯಬೇಕಾದವರು ಅವರು.