ಬಜೆಟ್ ಕಥೆಗಳು – 4: ಒಂದು ಬಜೆಟ್, ಎರಡು ಚುನಾವಣೆ

ಬಜೆಟ್ ದಿನ ನಾವು ಏನು ನೋಡ್ತೀವಿ? ಯಾವುದು ಏರಿತು, ಯಾವುದು ಇಳೀತು, ಅಷ್ಟೇ. ಆದರೆ ಒಂದು ಬಜೆಟ್ಟಿನಿಂದ ಇಡೀ ದೇಶ ಎರಡು ಹೋಳಾಗಿ, ‘ಆಳೋ ಹಕ್ಕು ಯಾರದ್ದು?’ ಅನ್ನೋ ಪ್ರಶ್ನೆ ಎದ್ದದ್ದು ಕೇಳಿದ್ದೀರಾ? ಬನ್ನಿ, 1909ರ ಬ್ರಿಟನ್‌ಗೆ ಹೋಗೋಣ.

1️⃣ ದುಡ್ಡು ಎಲ್ಲಿಂದ ತರೋದು?
ಆಗ ಲಿಬರಲ್ ಪಕ್ಷದ ಸರ್ಕಾರ. ಪ್ರಧಾನಿ ಆಸ್ಕ್ವಿತ್, ಹಣಕಾಸು ಮಂತ್ರಿ ಡೇವಿಡ್ ಲಾಯ್ಡ್ ಜಾರ್ಜ್. ಆ ವರ್ಷ ಜನವರಿ 1ರಿಂದ, 70 ವರ್ಷ ದಾಟಿದ ಬಡವರಿಗೆ ವಾರಕ್ಕೆ 5 ಶಿಲಿಂಗ್‌ವರೆಗೆ ಪಿಂಚಣಿ ಶುರುವಾಗಿತ್ತು. ಅಂಚೆ ಕಚೇರಿಗೆ ಹೋಗಿ ತಗೊಂಡು ಬರಬಹುದಿತ್ತು. ಇನ್ನೊಂದು ಕಡೆ ಜರ್ಮನಿ ಜೊತೆ ಪೈಪೋಟಿ. ‘ಡ್ರೆಡ್‌ನಾಟ್’ ಯುದ್ಧನೌಕೆಗಳು ಬೇಕೇ ಬೇಕು ಅಂತ ಕೂಗು. ಖಜಾನೆಯಲ್ಲಿ ಸುಮಾರು 1.6 ಕೋಟಿ ಪೌಂಡ್ ಕೊರತೆ ಬಿತ್ತು.

2️⃣ ‘ಜನರ ಬಜೆಟ್’
1909ರ ಏಪ್ರಿಲ್ 29. ಲಾಯ್ಡ್ ಜಾರ್ಜ್ ನಾಲ್ಕು ಗಂಟೆಗೂ ಹೆಚ್ಚು ಹೊತ್ತು ಬಜೆಟ್ ಓದಿದರು. ವರ್ಷಕ್ಕೆ 5,000 ಪೌಂಡ್ ಮೀರಿ ವರಮಾನ ಇದ್ದವರಿಗೆ ಸೂಪರ್ ಟ್ಯಾಕ್ಸ್. ಸತ್ತವರ ಆಸ್ತಿಯ ಮೇಲಿನ ತೆರಿಗೆಯೂ ಹೆಚ್ಚಳ. ಬಡವರನ್ನೂ ಪೂರ್ತಿ ಬಿಡಲಿಲ್ಲ: ಹೊಗೆಸೊಪ್ಪು, ವಿಸ್ಕಿ ದುಬಾರಿ ಆಯ್ತು. ಆದರೆ ಬೆಂಕಿ ಹತ್ತಿದ್ದು ಭೂಮಿ ತೆರಿಗೆಗೆ. ಮಾಲೀಕ ಕೈ ಕಟ್ಟಿ ಕೂತಿದ್ದರೂ, ಪಕ್ಕದಲ್ಲಿ ಊರು ಬೆಳೆದು ಜಮೀನಿನ ಬೆಲೆ ಏರಿದರೆ, ಆ ಏರಿಕೆಯಲ್ಲಿ ಶೇ. 20 ಸರ್ಕಾರಕ್ಕೆ.

3️⃣ ಡ್ಯೂಕ್ ಮತ್ತು ಫುಟ್‌ಬಾಲ್ ಕ್ಲಬ್
ಜಮೀನ್ದಾರರು ಕೆರಳಿದರು. ಸ್ಕಾಟ್ಲೆಂಡಿನ ದೊಡ್ಡ ಭೂಮಾಲೀಕ ಬಕ್ಲೂ ಡ್ಯೂಕ್, ಹೊಸ ತೆರಿಗೆಯ ನೆಪ ಹೇಳಿ, ಒಂದು ಚಿಕ್ಕ ಫುಟ್‌ಬಾಲ್ ಕ್ಲಬ್ಬಿಗೆ ಕೊಡಬೇಕಿದ್ದ ಒಂದೇ ಒಂದು ಗಿನಿ ಚಂದಾ ನಿಲ್ಲಿಸಿಬಿಟ್ಟರು! ಜನ ನಕ್ಕರು. ಲಾಯ್ಡ್ ಜಾರ್ಜ್ ಸುಮ್ಮನಿರ್ತಾರಾ? ಒಬ್ಬ ಡ್ಯೂಕ್‌ನನ್ನು ಸಾಕೋ ಖರ್ಚಲ್ಲಿ ಎರಡು ಡ್ರೆಡ್‌ನಾಟ್ ಸಾಕಬಹುದು ಅಂತ ನ್ಯೂಕಾಸಲ್ ಸಭೆಯಲ್ಲಿ ಚುಚ್ಚಿದರು.

4️⃣ ಲಾರ್ಡ್ಸ್ ‘ಬೇಡ’ ಅಂದರು
ಲಾರ್ಡ್ಸ್ ಸಭೆಯ ಬಹುತೇಕ ಸದಸ್ಯರು ವಂಶಪಾರಂಪರ್ಯವಾಗಿ ಬಂದವರು, ಕನ್ಸರ್ವೇಟಿವ್ ಒಲವಿನವರು. ಬಜೆಟ್ಟನ್ನು ತಳ್ಳಿಹಾಕಬಾರದು ಅನ್ನೋದು ಎರಡು ಶತಮಾನಕ್ಕೂ ಹಳೆಯ ಸಂಪ್ರದಾಯ. ನವೆಂಬರ್ 30ರಂದು ಅದು ಮುರೀತು: 350 ವಿರುದ್ಧ 75 ಮತಗಳಿಂದ ಬಜೆಟ್ ಬಿತ್ತು. ಅವರ ವಾದವೂ ಕೇಳಿ: ‘ಇಷ್ಟು ದೊಡ್ಡ ಬದಲಾವಣೆ ಬೇಕಾದರೆ ಮೊದಲು ಜನರನ್ನು ಕೇಳಿ.’ ಸರಿ, ಕೇಳಿದರು.

5️⃣ ಜನ ಏನಂದರು?
1910ರ ಜನವರಿ ಚುನಾವಣೆ. ಆಮದು ಸುಂಕ ಹಾಕಿ ದುಡ್ಡು ತರೋಣ ಅಂತ ಕನ್ಸರ್ವೇಟಿವರು. ಸುಂಕ ಬಂದರೆ ನಿಮ್ಮ ಬ್ರೆಡ್ ಇಷ್ಟೇ ಆಗುತ್ತೆ ಅಂತ ದೊಡ್ಡ ಬ್ರೆಡ್, ಚಿಕ್ಕ ಬ್ರೆಡ್ ಚಿತ್ರ ತೋರಿಸಿದ ಲಿಬರಲರು. ಫಲಿತಾಂಶ? ಲಿಬರಲರು ನೂರಕ್ಕೂ ಹೆಚ್ಚು ಸೀಟು ಕಳ್ಕೊಂಡರು! ಕನ್ಸರ್ವೇಟಿವರಿಗಿಂತ ಬರೀ ಎರಡು ಸೀಟು ಮುಂದೆ. ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಇಂಗ್ಲೆಂಡ್ ಕೈ ಹಿಡಿದವು. ದಕ್ಷಿಣ ಇಂಗ್ಲೆಂಡ್ ಕೈ ಬಿಡ್ತು. ಲೇಬರ್ ಮತ್ತು ಐರಿಷ್ ಸದಸ್ಯರ ಬೆಂಬಲದಿಂದ ಸರ್ಕಾರ ಉಳೀತು, ಏಪ್ರಿಲ್‌ನಲ್ಲಿ ಬಜೆಟ್ ಪಾಸಾಯ್ತು. ‘ಜನ’ ಅಂದರೆ ಎಲ್ಲರೂ ಅಲ್ಲ ಅನ್ನೋದೂ ನೆನಪಿರಲಿ. ಹೆಂಗಸರಿಗೆ, ಲಕ್ಷಾಂತರ ಬಡ ಗಂಡಸರಿಗೆ ಆಗ ಮತವೇ ಇರಲಿಲ್ಲ.

6️⃣ ಹಲ್ಲು ಕಿತ್ತ ಕಾಯ್ದೆ
ಲಾರ್ಡ್ಸ್ ಅಧಿಕಾರಕ್ಕೇ ಕತ್ತರಿ ಹಾಕೋಕೆ ಡಿಸೆಂಬರ್‌ನಲ್ಲಿ ಮತ್ತೊಂದು ಚುನಾವಣೆ. ಮತ್ತೆ ಹೆಚ್ಚುಕಮ್ಮಿ ಸಮಬಲ. ಆದರೂ, ಒಪ್ಪದಿದ್ದರೆ ನೂರಾರು ಹೊಸ ಲಾರ್ಡ್‌ಗಳನ್ನು ನೇಮಿಸ್ತೀವಿ ಅನ್ನೋ ಬೆದರಿಕೆಗೆ ದೊರೆ ಐದನೇ ಜಾರ್ಜ್ ಒಪ್ಪಿಗೆ ಇತ್ತು. 1911ರ ಆಗಸ್ಟ್ 10ರಂದು 131–114 ಮತಗಳಿಂದ ಲಾರ್ಡ್ಸ್ ತಲೆಬಾಗಿತು. ಅಲ್ಲಿಂದ ಮುಂದೆ ಹಣಕಾಸು ಮಸೂದೆಯನ್ನು ಅವರು ಒಂದು ತಿಂಗಳಷ್ಟೇ ತಡೆಹಿಡಿಯಬಹುದು.

7️⃣ ನಮಗೇನು ಸಂಬಂಧ?
ನಮ್ಮ ಸಂವಿಧಾನದ 109ನೇ ವಿಧಿ ತೆಗೆದು ನೋಡಿ. ಹಣಕಾಸು ಮಸೂದೆಯನ್ನು ರಾಜ್ಯಸಭೆ 14 ದಿನದೊಳಗೆ ವಾಪಸ್ ಕಳಿಸಬೇಕು. 198ನೇ ವಿಧಿಯ ಪ್ರಕಾರ ನಮ್ಮ ವಿಧಾನ ಪರಿಷತ್ತಿಗೂ ಅಷ್ಟೇ. ಜನ ನೇರವಾಗಿ ಆರಿಸಿದ ಸಭೆಯ ಕೈಯಲ್ಲೇ ಖಜಾನೆಯ ಕೀಲಿ ಇರಬೇಕು ಅನ್ನೋ ಅದೇ ತತ್ವ. ಯಾವುದು ‘ಹಣಕಾಸು ಮಸೂದೆ’ ಅಂತ ಹೇಳೋದು ಅಲ್ಲೂ ಇಲ್ಲೂ ಸ್ಪೀಕರ್. 2016ರ ಆಧಾರ್ ಕಾಯ್ದೆ ವಿಷಯದಲ್ಲಿ ಸುಪ್ರೀಂ ಕೋರ್ಟ್‌ವರೆಗೆ ಹೋದ ಜಗಳಗಳಲ್ಲಿ ಇದೂ ಒಂದು.

ಕೊನೆಗೊಂದು ಸ್ವಾರಸ್ಯ: ಇಷ್ಟೆಲ್ಲ ರಂಪ ಮಾಡಿದ ಆ ಭೂಮಿ ತೆರಿಗೆಗಳಿಂದ ಬಂದ ದುಡ್ಡು ಅಷ್ಟಕ್ಕಷ್ಟೇ. 1920ರಲ್ಲಿ ರದ್ದೂ ಆದವು. ಆಗ ಪ್ರಧಾನಿ ಯಾರು ಗೊತ್ತಾ? ಅದೇ ಲಾಯ್ಡ್ ಜಾರ್ಜ್! ತೆರಿಗೆ ಹೋಯ್ತು, ತತ್ವ ಉಳೀತು.

ಮೇಲ್ಮನೆಗೆ ಬಜೆಟ್ ತಡೆಯೋ ಶಕ್ತಿ ಇರಬೇಕಿತ್ತಾ? ನಿಮ್ಮ ಅಭಿಪ್ರಾಯ ಕಾಮೆಂಟ್‌ನಲ್ಲಿ ಬರೀರಿ 👇

#ಬಜೆಟ್‌ಕಥೆಗಳು #ಇತಿಹಾಸ #ಕನ್ನಡ