18 ತುಂಬದವರ ಸಹಿ

1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್ನೆಟ್ ತೆರೆಯಿತು. ಆದರೆ ಬೆಂಗಳೂರಿನ ಎಷ್ಟೋ ವಿದ್ಯಾರ್ಥಿಗಳಿಗೆ ಅದು ಕೈಗೆಟುಕಿದ್ದು ಸೈಬರ್ ಕೆಫೆಗಳಲ್ಲಿ, ಗಂಟೆಗಿಷ್ಟು ಅಂತ ದುಡ್ಡು ಕೊಟ್ಟು. ಸುಹಾಸ್ ಗೋಪಿನಾಥ್ ಎಂಬ ಶಾಲಾ ಹುಡುಗ ವೆಬ್ ವಿನ್ಯಾಸ ಕಲಿತದ್ದೂ ಅಂಥದ್ದೊಂದು ಕೆಫೆಯಲ್ಲೇ. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಮಾಲೀಕರು ಬಾಗಿಲು ಹಾಕುತ್ತಿದ್ದರು. ಆ ಹೊತ್ತು ಅಂಗಡಿ ನಾನು ನೋಡಿಕೊಳ್ಳುತ್ತೇನೆ, ಬದಲಿಗೆ ಪುಕ್ಕಟೆ ಇಂಟರ್ನೆಟ್ ಕೊಡಿ ಎಂದು ಹುಡುಗ ಕೇಳಿದನಂತೆ. 'ಅಂತೆ' ಎನ್ನಲು ಕಾರಣವಿದೆ: ಈ ಕಥೆಗೆ ನಾನು ನೆಚ್ಚಿರುವ ಆಕರವೆಂದರೆ ಅವರೇ ಸಂದರ್ಶನಗಳಲ್ಲಿ ಹೇಳಿಕೊಂಡದ್ದು. ಚರಿತ್ರೆಯ ವಿದ್ಯಾರ್ಥಿಗೆ ಅದೊಂದು ಚೂರು ಮುಜುಗರ.

2000ದಲ್ಲಿ ಅವರ ಗ್ಲೋಬಲ್ಸ್ ಕಂಪನಿ ಹುಟ್ಟಿತು. ಹುಡುಗ ಬೆಂಗಳೂರಿನವನು, ಕಂಪನಿ ಕ್ಯಾಲಿಫೋರ್ನಿಯಾದ್ದು. ಭಾರತದಲ್ಲಾದರೆ 18 ತುಂಬುವವರೆಗೆ ಕಾಯಬೇಕಿತ್ತು. ಪತ್ರಿಕೆಗಳು ಹುಡುಗನ ಜಾಣತನವನ್ನು ಹಾಡಿ ಹೊಗಳಿದವು. ನನ್ನ ಕುತೂಹಲ ಆ 18ರ ಮೇಲೆ.

1872ರ ಒಪ್ಪಂದ ಕಾಯ್ದೆಯ ಪ್ರಕಾರ ಅಪ್ರಾಪ್ತರು ಕರಾರು ಮಾಡಿಕೊಳ್ಳುವಂತಿಲ್ಲ. ಪ್ರಾಪ್ತ ವಯಸ್ಸು ಸಾಮಾನ್ಯವಾಗಿ 18 ಎಂದದ್ದು 1875ರ ಕಾಯ್ದೆ. ಇದಕ್ಕೆ ಗಟ್ಟಿ ಅರ್ಥ ಬಂದದ್ದು ಕಲ್ಕತ್ತೆಯ ಒಂದು ಅಡಮಾನದಿಂದ. ಧರ್ಮೋದಾಸ್ ಘೋಷ್ ಎಂಬ ತರುಣ 20,000 ರೂಪಾಯಿಗೆ ಆಸ್ತಿಯನ್ನು ಅಡವಿಟ್ಟ ಪತ್ರ ಬರೆದುಕೊಟ್ಟಿದ್ದ. ಅವನಿನ್ನೂ ಅಪ್ರಾಪ್ತ ಎಂದು ತಾಯಿಯ ಪರವಾಗಿ ಲೇವಾದೇವಿಯವನ ಕಡೆಯವರಿಗೆ ಮುಂಚೆಯೇ ಪತ್ರ ಹೋಗಿತ್ತು. ಆದರೂ ವ್ಯವಹಾರ ನಡೆಯಿತು. 1903ರಲ್ಲಿ ಪ್ರಿವಿ ಕೌನ್ಸಿಲ್ ಆ ಕರಾರು ಮೊದಲಿನಿಂದಲೇ ಶೂನ್ಯ ಎಂದಿತು. ಸಾಲಕೊಡುವವರ ಕೈಯಿಂದ ಹುಡುಗರ ಆಸ್ತಿ ಉಳಿಸುವ ಗೋಡೆ ಅದು. ಸುಮಾರು ನೂರು ವರ್ಷದ ಬಳಿಕ ಅದೇ ಗೋಡೆ, ಅಡವಿಡಲು ಏನೂ ಇಲ್ಲದ, ಬರೀ ಕೆಲಸ ಮಾರಲು ಹೊರಟ ಹುಡುಗನಿಗೆ ಅಡ್ಡ ನಿಂತಿತು.

ಹಾಗಂತ 18 ದಾಟಿದರೆ ದಾರಿ ಸಲೀಸಲ್ಲ. ಎಂ.ಎ. ಓದುವಾಗ ನಾನೂ ಗೆಳೆಯನೂ ಸೇರಿ ಸಣ್ಣ ಅಂಗಡಿ, ಟ್ಯೂಷನ್ ಕೇಂದ್ರಗಳಿಗೆ ವೆಬ್‌ಸೈಟ್ ಮಾಡಿಕೊಡುತ್ತಿದ್ದೆವು. 8,000ಕ್ಕೆ ಒಪ್ಪಿದ ಗಿರಾಕಿಯೊಬ್ಬರು ಅರ್ಧ ಕೊಟ್ಟು, "ಇನ್ನೂ ಓದ್ತಿರೋ ಹುಡುಗ್ರು, ನಿಮಗೂ ಅನುಭವ ಆಯ್ತಲ್ಲಪ್ಪ" ಎಂದುಬಿಟ್ಟರು. ಮಾತಿನ ಕರಾರೂ ಕಾನೂನಿಗೆ ಕರಾರೇ, ನಿಜ. 4,000ಕ್ಕಾಗಿ ವಕೀಲರ ಮೆಟ್ಟಿಲು ಹತ್ತುವವರು ಯಾರು? ಆ ತಿಂಗಳ ಮೆಸ್ ಬಿಲ್ಲನ್ನು ಗೆಳೆಯನ ಅಕ್ಕ ಕಟ್ಟಿದರು. ಹುಡುಗರ ಸಹಿಗೆ ಬೆಲೆ ಇಲ್ಲ ಎಂದು ಕಾನೂನು ಹೇಳುವುದು ರಕ್ಷಣೆಗೆ. ಹುಡುಗರ ಕೆಲಸಕ್ಕೆ ಬೆಲೆ ಇಲ್ಲ ಎಂದು ಪೇಟೆ ಹೇಳುವುದು ಲಾಭಕ್ಕೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ನಾನು ತಯಾರಿಲ್ಲ.

2013ರ ಕಂಪನಿ ಕಾಯ್ದೆ ಒಬ್ಬರೇ ಕಂಪನಿ ಕಟ್ಟಲು ಅವಕಾಶ ಕೊಟ್ಟಿತು. ಆ ಒಬ್ಬರು ಅಪ್ರಾಪ್ತರಾಗಿರುವಂತಿಲ್ಲ ಎಂದು ನಿಯಮದಲ್ಲೇ ಬರೆದಿದೆ. ಈಗಲೂ ಹೈಸ್ಕೂಲ್ ಹುಡುಗಿಯೊಬ್ಬಳು ಇಂಥ ಕಂಪನಿ ಮಾಡಹೊರಟರೆ ಕಾಗದದ ಮೇಲೆ ಅಪ್ಪನ ಹೆಸರೋ ಅಮ್ಮನ ಹೆಸರೋ ಬರಬೇಕು. ನಾಳೆ ಆಕರ ಹುಡುಕಿ ಹೋಗುವ ಸಂಶೋಧಕರಿಗೆ ಸಿಗುವುದೂ ಆ ಹೆಸರೇ.